ಹೊರಸಿನ ಕೆಳಗಿನ ಕೆಂಡ

ಬಸಿಯಾಗಿನ ಚಾ ನಡಗಿತು, ನಡುವಿನಿಂದ ದಂಡಿಗೆ ಸಣ್ಣ ಸಣ್ಣ ಉಂಗುರ ಎದ್ದು ಬಂದು ಸುಮ್ಮನಾದ್ವು, ಏನಿಲ್ಲ, ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರೇಲರ್ ತುಂಬ ಹೇರಿಕೊಂಡು ಹುನ್ನೂರ ದಾಟಿ ಜಮಖಂಡಿ ಕಡೆ ಹೊಂಟೈತಿ, ಅಷ್ಟಕ್ಕ ಹಿಂಗ ಎದಿ ಝಲ್ ಅನಬೇಕೇನು, ಮಾಲಾ ತನ್ನಷ್ಟಕ್ಕ ತಾನ ನಕ್ಕು ಬಸಿ ಎತ್ತಿ ಸೊರ್ ಅಂತ ಚಾ ಎಳದ್ಲು — ನೆಲ ಎಷ್ಟು ನಡಗೀತು ಅಂತ ಲೆಕ್ಕಾ ಹಾಕೂದ ಅಕಿ ನೌಕರಿ, ಅಣುವಿದ್ಯುತ್ ಸ್ಥಾವರ ಕಟ್ಟೂ ಜಾಗಾದಾಗ ಭೂಕಂಪ ಬಂದ್ರ ಎಷ್ಟು ಜೋರು ಬಂದೀತು, ಏನು ತಡಕೊಂಡೀತು, ಏನು ಹರದೀತು, ಹಗಲೆಲ್ಲ ಅದ ವಿಚಾರ ಮಾಡಾಕಿಗೆ ಬಸ್ಸು ಹೋದ್ರೂ ಭೂಕಂಪ, ಮಿಕ್ಸರ್ ತಿರಿಗಿದ್ರೂ ಭೂಕಂಪ. ಏ ಮಾಲಾ, ಚಾ ಆರಿ ಹೋಗ್ತೈತಿ, ಏನ್ ಧ್ಯಾನ ಹಚ್ಚೀಬೇ, ತಂಗೆವ್ವತ್ತಿ ಮೂರು ಕಲ್ಲಿನ ಒಲಿ ಮುಂದಿಂದ ಒದರಿದ್ಲು, ಅಪ್ಪನ ಅಕ್ಕ, ಅರವತ್ತು ದಾಟಿದ್ರೂ ದನಿ ಇನ್ನೂ ಹಿಂಡು ತಿರುವೂ ದನಿ, ಬೀರಪ್ಪನ ಗುಡಿ ಬಯಲಾಗ ಇಡೀ ಹುನ್ನೂರ ಕೂಡೇತಿ, ಇವತ್ತ ಯಾರ ಮನ್ಯಾಗೂ ಒಲಿ ಹೊತ್ತೂದಿಲ್ಲ, ಮುಂಜಾನೆ ಎದ್ದು ಒಲಿಗೆ ನೀರು ಸುರದು, ಗ್ಯಾಸ್ ಇದ್ದವ್ರು ಸಿಲಿಂಡರಿನ ಕಿವಿ ತಿರುವಿ, ಎಲ್ಲಾರೂ ಇಲ್ಲಿ ಬಂದು ಬಯಲಾಗ ಅಡಗಿ ಮಾಡಿ ಬಯಲಾಗ ಉಣಬೇಕು, ಹೋಳಿ ಹುಣ್ಣಿವಿ ಆದ ಮ್ಯಾಲಿನ ಸೋಮಾರ, ಬಾಣಂತಿ ಸೋಮಾರ ಅಂತಾರ ಇದಕ್ಕ, ಹಾಲುಮತದವರ ಬ್ಯಾರೆ ಯಾವ ಊರಾಗೂ ಮಾಲಾ ಕಾಣದ ಪದ್ಧತಿ — ಪುರುಡಿನಾಗಿದ್ದ ಬಾಣಂತಿ ಗುಡಿ ನೆಳ್ಳೂ ತುಳೀಬಾರದು ಅನ್ನೂ ಮಂದಿ, ಇವತ್ತೊಂದಿನ ಅಕಿನ್ನ ಮೊದಲ ಕರಕೊಂಡು ಬಂದು ದೇವರ ಹೊಸ್ತಲಿಗೆ ಕೂಡಿಸ್ತಾರ, ಅಕಿ ಉಂಡ ಮ್ಯಾಲೆನ ಉಳದವ್ರು ಉಣ್ಣೂದು. ಅಲ್ಲಿ ಕುಂತಾಳ ಪೂನಮ್, ತಂಗೆವ್ವತ್ತಿ ಮಗ ಭೀಮಶಿ ಹೆಂಡ್ತಿ, ಕಿವಿ ಮುಚ್ಚಿ ಅರಿವಿ ಕಟಗೊಂಡು, ಹೆಸರೂ ಇಡದ ಕೂಸಿನ್ನ ತೊಡಿ ಮ್ಯಾಲೆ ಹಾಕ್ಕೊಂಡು. ಮಾಲಾನ ಉಡ್ಯಾಗ ಮೊಬೈಲು, ಊಟ ಆಗೂ ಹೊತ್ತಿಗೆ ಫೋನ್ ಮಾಡ್ತೇನಿ ಅಂದಾರ ಶಶಿಕಾಂತ ಸರ್, ಅಷ್ಟೊತ್ತಿಗೆ ಹೌದೋ ಅಲ್ಲೋ ಒಂದು ಹೇಳಬೇಕು.

ತಗದಬಿಡು ಮಾಲಾ, ವರದಿಯಾಗಿಂದು ಒಂದ ಸಾಲು, ಮುಂಜಾನೆ ಫೋನಿನ್ಯಾಗ ಎಷ್ಟು ಸಮಾಧಾನಲೆ ಹೇಳಿದ್ರು ಅವರು, ಬನಹಟ್ಟಿ ನೇಕಾರ ಮನಿತನದವ್ರು, ಆಫೀಸಿನ್ಯಾಗ ಅಕಿಗಿಂತ ಮ್ಯಾಲಿನವ್ರು, ಅಕಿನ್ನ ಈ ಕೆಲಸಕ್ಕ ಹಚ್ಚಿದವ್ರೂ ಅವರ, ಕೆಟ್ಟವ್ರಲ್ಲ, ಕೆಟ್ಟವ್ರಿದ್ರ ಎಷ್ಟು ಛಲೋ ಇತ್ತು, ಬೈದು ಬಿಡಬಹುದಿತ್ತು. ನೂರು ವರ್ಷದ ಹಿಂದ ಜಮಖಂಡಿ ಮುಧೋಳ ಸೀಮಿಯಾಗ ಒಂದು ಭೂಕಂಪ ಆಗಿತ್ತು ಅಂತ ನೀ ಒಬ್ಬಾಕಿನ ಹೇಳಾಕತ್ತಿ, ಯಾವ ದಾಖಲೆದಾಗೂ ಇಲ್ಲ, ಆಗ ಇಲ್ಲಿ ಅಳತಿ ಯಂತ್ರ ಇರಲಿಲ್ಲ, ಮುದುಕ್ಯಾರ ಕತಿ ಬಿಟ್ರ ಏನೈತಿ ನಿನ್ನ ಕೈಯಾಗ, ಮತ್ತ ಆ ಒಂದು ಸಾಲಿನಿಂದ ಏನಾಗ್ತೈತಿ ಗೊತ್ತೈತಿಲ್ಲ ನಿನಗ — ಗೊತ್ತೈತಿ, ಅಕಿಗಿಂತ ಛಲೋ ಯಾರಿಗೆ ಗೊತ್ತು, ಸ್ಥಾವರದ ಜಾಗಾ ಇಲ್ಲಿಂದ ಎಷ್ಟೋ ದೂರ, ಆದ್ರ ಲೆಕ್ಕದ ನೇಮ ದೂರ ಕೇಳೂದಿಲ್ಲ, ಒಂದ ನಮೂನಿ ನೆಲ ಇದ್ದ ಪ್ರಾಂತದಾಗ, ಯಾವ ಬಿರುಕಿನಿಂದ ಅಂತ ಗೊತ್ತಾಗದ ಭೂಕಂಪ ಎಲ್ಲೇ ಆಗಿರಲಿ, ಅದು ನಾಳೆ ಸ್ಥಾವರದ ಬುಡಕ್ಕನ ಆದೀತು ಅಂತ ತಿಳಕೊಂಡು ಕಟ್ಟಬೇಕು, ಅಂದ್ರ ಹುನ್ನೂರ ಭೂಕಂಪಾನ ಇಲ್ಲಿಂದ ಎತಗೊಂಡು ಹೋಗಿ ಅಲ್ಲಿ ಇಡಬೇಕು, ಇಟ್ರ ನಡುಕಿನ ಅಂಕಿ ದೀಡಪಟ್ಟು, ಒಂದಕ್ಕ ಒಂದೂವರಿ ಏರ್ತೈತಿ, ಏರಿದ್ರ ಪಾಯಾ ಬದಲಿ, ಪೈಪಿನ ಆಧಾರ ಬದಲಿ, ನೀರಿನ ಟಾಕಿ, ಡೀಸೆಲ್ ಜನರೇಟರ್, ಕರೆಂಟಿನ ಪೆಟಗಿ, ಎಲ್ಲಾದರ ನಕ್ಷೆ ಮತ್ತ ಮೊದಲಿಂದ, ವರ್ಷ ಎರಡು ವರ್ಷ ತಡ. ಕೆಳಗ ಸಣ್ಣ ಅಕ್ಷರದಾಗ ಒಂದು ಟಿಪ್ಪಣಿ ಹಾಕೂಣು, ಅಂದ್ರು ಸರ್, ಇಂಥಾದ್ದೊಂದು ಮಾತು ಜನರ ಬಾಯಾಗ ಐತಿ ಅಂತ, ಲೆಕ್ಕದಾಗ ಮಾತ್ರ ಬ್ಯಾಡ, ಇಲ್ಲಾಂದ್ರ ನಿನ್ನ ಈ ಕೆಲಸದಿಂದ ಬಿಡಿಸಿ ಬ್ಯಾರೆಯವ್ರಿಗೆ ಕೊಡ್ತಾರ, ನನ್ನ ಕೈಯಾಗ ಇರೂದಿಲ್ಲ ನೋಡು. ಕಡೀಕ ಇನ್ನೊಂದು ಮಾತು ಅಂದ್ರು, ಅದ ನಟ್ಟಿದ್ದು, ಇನ್ನೂ ಬಂದಿಲ್ಲ ಹೊರಗ — ಸತ್ತಾಕಿ ನಿಮ್ಮ ಮನ್ಯಾಕಿ ಅಲ್ಲೇನು, ಮನಿ ದುಃಖ ತಂದು ಲೆಕ್ಕದಾಗ ಹಾಕಬ್ಯಾಡ ತಂಗಿ.

ಹೌದು, ಸತ್ತಾಕಿ ಮನ್ಯಾಕಿನ, ಲಗಮವ್ವ, ಮಾಲಾನ ಅಜ್ಜಿ ಶಂಕ್ರೆವ್ವನ್ನ ಹಡದಾಕಿ, ಅಕಿದೊಂದು ಫೋಟೋ ಇಲ್ಲ, ಗುರುತಿಲ್ಲ, ಅಜ್ಜಿ ಬಾಯಾಗಿನ ಮಾತಷ್ಟ, ಅಜ್ಜಿನೂ ಕಂಡಿದ್ದಲ್ಲ, ಅಕಿ ಆಗ ಎಣ್ಣಿ ಹಚ್ಚಿಸಿಕೊಳ್ಳೂ ಕೂಸು. ಜ್ವಾಳದ ರಾಶಿ ಆಗಿ ಹೊಲ ಬರಿದಾಗಿದ್ವಂತ, ಗೊಬ್ಬರಕ್ಕಂತ ಕುರಿ ಹಿಂಡು ಖಾಲಿ ಹೊಲದಾಗ ನಿಲ್ಲಿಸಿದ್ರಂತ, ಹೊತ್ತು ನೆತ್ತಿಗೆ ಬರೂ ಮುಂದ ಗುಡ್ಯಾಗ ಗೂಟಕ್ಕ ತೂಗಹಾಕಿದ್ದ ಡೊಳ್ಳು ಯಾರೂ ಮುಟ್ಟದ ತಾವ ಗ್ವಾಡಿಗೆ ಬಡಕೊಳ್ಳಾಕ ಹತ್ತಿದ್ವು, ಢಂ ಢಂ ಢಂ, ಪೂಜಾರಿ ಹೊರಗ ಓಡಿ ಬಂದು ಬೀರಪ್ಪ ಕರ್ಯಾಕತ್ತಾನೋ ಬರ್ರೋ ಅಂತ ಚೀರಿದ, ಭಂಡಾರದ ಅರಿಷಿಣ ಹಿಡಕೊಂಡು ಇದ್ದಬಿದ್ದವ್ರೆಲ್ಲ ಗುಡಿ ಬಯಲಿಗೆ ಓಡಿದ್ರು, ಮುದುಕರು, ಹುಡುಗ್ರು, ಕಾಲು ಇಲ್ಲದವ್ರನ್ನ ಹೊತಗೊಂಡು, ದೇವರು ಕರದ ಮ್ಯಾಲೆ ಯಾರು ನಿಲ್ತಾರ — ಲಗಮವ್ವ ನಿಂತ್ಲು, ನಿಲ್ಲದ ಏನ್ ಮಾಡ್ಯಾಳು, ಬಾಣಂತಿ, ಪುರುಡು ತೀರಿಲ್ಲ, ದೇವರ ಮುಂದ ಹ್ಯಾಂಗ ಹೋದಾಳು, ನೀ ಇಲ್ಲೇ ಇರವಾ ಅಂತ ಅತ್ತಿ ಹೇಳಿ ಹೋದ್ಲು, ಕೂಸಿಗೆ ಎಣ್ಣಿ ಹಚ್ಚಾಕ ಬಂದ ಮುದುಕಿ ಕೂಸಿನ ಸಮೇತ ಅಂಗಳದ ಬಿಸಲಾಗ ಉಳದ್ಲು, ಒಳಗ ಕತ್ತಲಿ ಕ್ವಾಣ್ಯಾಗ ಹಗ್ಗದ ಹೊರಸಿನ ಮ್ಯಾಲೆ ಮಲಗಿದ್ದ ಲಗಮವ್ವ ಒಬ್ಬಾಕಿ, ಹೊರಸಿನ ಕೆಳಗ ಮೈ ಕಾಸಾಕ ಇಟ್ಟ ಅಗ್ಗಿಷ್ಟಿಗಿ, ಅದರ ತುಂಬ ಕುಳ್ಳಿನ ಕೆಂಡ. ಎಲ್ಲಾರೂ ಬಯಲಿಗೆ ಮುಟ್ಟೂದಕ್ಕ ನೆಲ ಮತ್ತ ನಡಗಿತು, ಈ ಸಲ ಖರೆಖರೆ ನಡಗಿತು, ಮಣ್ಣಿನ ಮಾಳಿಗಿ ಮನಿ, ಓಣಿಗೆ ಓಣಿನ ಕುಂತಬಿಡ್ತು, ಬಯಲಾಗಿದ್ದವ್ರಿಗೆ ಒಂದು ಗೀರೂ ಆಗಲಿಲ್ಲ. ಲಗಮವ್ವನ ಮ್ಯಾಲೆ ಬಿದ್ದಿದ್ದು ಎರಡು ಜಂತಿ, ಒಂದಿಷ್ಟು ಮಣ್ಣು, ಅದರಿಂದ ಸಾಯಲಿಲ್ಲ ಅಕಿ, ಸೊಂಟ ಸಿಕ್ಕೊಂಡಿತ್ತು, ಬಾಯಿ ಇತ್ತು, ಕೂಗಾಕತ್ತಿದ್ಲು, ಹೊರಗಿನವ್ರು ಕೈಲೆ ಮಣ್ಣು ತೋಡಾಕತ್ತಿದ್ರು, ಆದ್ರ ಹೊರಸಿನ ಕೆಳಗ ಕೆಂಡ ಇತ್ತಲ್ಲ, ಕೆಂಡಕ್ಕ ಮನಿ ಬಿದ್ದದ್ದು ಗೊತ್ತಾಗೂದಿಲ್ಲ, ಅದರ ಕೆಲಸ ಕಾಸೂದು, ಅದು ಕಾಸಕೋತ ಇತ್ತು.

ಅದಕ್ಕ ಅಜ್ಜಿಗೆ ಆ ಚಟಾ, ಮನಿ ಬಿಟ್ಟು ಎಲ್ಲಿ ಹೋಗೂದಿರಲಿ, ಮೊದಲು ಒಲಿ ನೋಡೂದು, ಜಮಖಂಡಿ ಸಂತಿಗೆ ಹೋಗೂದಿದ್ರೂ ಎರಡೆರಡು ಸಲ ತಿರಿಗಿ ಬಂದು ಬೂದಿ ಕೆದರಿ ನೋಡೂದು, ಮಂದಿ ನಗತಿದ್ರು. ಕಿಲ್ಲಾರಿ ಭೂಕಂಪ ಆದಾಗ ಮಾಲಾ ಇನ್ನೂ ಸಾಲಿ ಹುಡುಗಿ, ನಸುಕಿನ್ಯಾಗ ಮಾಡದಾಗಿನ ತಾಟು ಗಲಗಲ ಅಂದ್ವು, ಅಪ್ಪ ಹಾಲಸಿದ್ದ ಅಕಿನ್ನ ಬಗಲಾಗ ಎತಗೊಂಡು ಹೊರಗ ಜಿಗದ, ಓಣಿ ಮಂದಿಯೆಲ್ಲ ರಸ್ತಾದಾಗ, ಅಜ್ಜಿ ಎಲ್ಲಿ, ಅಜ್ಜಿ ಇಲ್ಲ, ಅಪ್ಪ ಮತ್ತ ಒಳಗ ಹೋಗಿ ನೋಡಿದ್ರ ಮುದುಕಿ ಅಡಗಿಮನ್ಯಾಗ ಕುಂತು ಹಂಡೇದಾಗಿನ ನೀರು ತಂಬಿಗಿಲೆ ಒಲಿಗೆ ಸುರವಾಕತ್ತಿದ್ಲು, ರಾತ್ರಿ ಬೂದಿ ಮುಚ್ಚಿಟ್ಟ ಕೆಂಡ ಚುಂಯ್ ಅಂತಿತ್ತು, ಯವ್ವಾ, ನಿನಗ ಹುಚ್ಚು ಹಿಡದೈತೇನು, ಹೊರಗ ನಡಿ ಅಂದ್ರ ಇರೋ ಹಾಲಸಿದ್ದಾ, ಇನ್ನೂ ಆರಿಲ್ಲ, ಒಂದು ತಂಬಿಗಿ ಹಾಕಿದ್ರ ಆರೂದಿಲ್ಲ ಇದು, ಹಾಕಕೋತನ ಇರಬೇಕು ಅಂದ್ಲಂತ. ಮುಂದ ಎಷ್ಟೋ ದಿನ ಅಂಗಳದಾಗ ಮಲಗಿದ್ರು ಎಲ್ಲಾರೂ, ಅಜ್ಜಿ ಮಗ್ಗಲಾಗ ಕೌದಿ ಹೊಚಗೊಂಡು ಮಾಲಾ ಕೇಳಿದ್ಲು, ಸಾಲ್ಯಾಗ ಮಾಸ್ತರು ನಮ್ಮದು ಗಟ್ಟಿ ನೆಲ, ಇಲ್ಲಿ ನಡಗೂದಿಲ್ಲ ಅಂತ ಹೇಳ್ಯಾರಲ್ಲ ಅಜ್ಜಿ, ನಮ್ಮವ್ವ ಇದ್ಲು ನೋಡು, ಅಂತ ಅಜ್ಜಿ ಸುರು ಮಾಡಿದ್ಲು, ಆ ಕತಿ ಮಾಲಾ ಮೊದಲ ಸಲ ಪೂರ್ತಿ ಕೇಳಿದ್ದು ಆಗ. ಬಾಗಲಕೋಟಿ ಜಿಲ್ಲಾ ಆದ ವರ್ಷ ಅಜ್ಜಿ ಹೋದ್ಲು, ಹೋಗೂ ದಿನಾನೂ ಒಲಿ ಆರಿಸಿದ್ರೇನು ಅಂತ ಕೇಳಿದ್ಲು.

ಮನಿ ದುಃಖ, ಅಂದ್ರಲ್ಲ ಸರ್, ಆ ಸಂಶೆ ನಿಮಗಿಂತ ಮೊದಲು ಅಕಿಗೇ ಬಂದಿತ್ತು, ಅಕಿನ ತನ್ನ ಕೊರಳ ಪಟ್ಟಿ ಹಿಡದು ಕೇಳಿದ್ಲು, ನೀ ಮುತ್ತಜ್ಜಿ ಸಲುವಾಗಿ ಭೂಕಂಪ ಹುಟ್ಟಸಾಕತ್ತಿ ಏನು ಅಂತ, ಅದಕ್ಕ ಚಳಿಗಾಲ ಪೂರ್ತಿ ರಜಾ ಸಿಕ್ಕಾಗೆಲ್ಲ ಬಸ್ಸು ಹತ್ತಿ ಹತ್ತಿ ಊರೂರು ತಿರುಗ್ಯಾಳ, ಮಂದಿ ಮುಂದ ಭೂಕಂಪ ಅನ್ನೂ ಶಬ್ದನ ತಗೀಲಿಲ್ಲ, ತಗದ್ರ ಮುಗೀತು, ಎಲ್ಲಾರಿಗೂ ಎಲ್ಲಾ ನೆನಪಾಗ್ತೈತಿ, ನಿಮ್ಮ ಹಳೇ ಮನಿ ಯಾವಾಗ ಬಿತ್ತು, ಇದನ್ನ ಯಾವಾಗ ಕಟ್ಟಿದ್ರಿ ಅಂತ ಅಷ್ಟ ಕೇಳಿದ್ಲು. ಬೀಳಗಿ ಕಡೆ ಹೋದ್ರ ಹಳೇ ಊರ ಇಲ್ಲ, ಆಲಮಟ್ಟಿ ಹಿನ್ನೀರಾಗ ಹೋಗ್ಯಾವ, ಪುನರ್ವಸತಿ ಕೇಂದ್ರದಾಗ ಎಲ್ಲಾ ಹೊಸಾ ಗ್ವಾಡಿ, ಹಳೇ ಗ್ವಾಡಿ ಎಲ್ಲಿ ಅಂದ್ರ ನೀರಿನ ಕಡೆ ಕೈ ಮಾಡ್ತಾರ, ಸಿಟ್ಟು ಬಂತು, ಅಳುನೂ ಬಂತು, ಆದ್ರೂ ಬಿಡಲಿಲ್ಲ. ಲೋಕಾಪುರದಾಗ ಶಿದ್ರಾಮಪ್ಪ ಅನ್ನೂ ಮುದುಕ, ಮಾಲಾನ ಮಂದಿ ಗುರುತೂ ಇಲ್ಲ ಅವಗ, ನಮ್ಮ ಮನಿ ಏನವಾ, ನಮ್ಮಜ್ಜನ ಕಾಲಕ್ಕ ಜ್ವಾಳದ ರಾಶಿ ಆದ ಮ್ಯಾಲೆ ಒಂದ ದಿನ ಮಧ್ಯಾಹ್ನ ಬಿತ್ತಂತ, ಬಾವಿ ನೀರೆಲ್ಲ ಎದ್ದು ರಾಡಿ ಆತಂತ, ಆ ದೊಡ್ಡ ಜ್ವರದ ಬ್ಯಾನಿ ಬಂದು ಊರಿಗೂರು ಹೆಣ ಬಿತ್ತಲ್ಲ, ಅದರ ಹಿಂದಿನ ವರ್ಷ, ಅಂದ — ೧೯೧೮ರ ಇನ್‌ಫ್ಲುಯೆಂಜಾ, ಅಂದ್ರ ಇದು ಹದಿನೇಳರಾಗ, ಅಂತ ಮಾಲಾ ಬರಕೊಂಡ್ಲು, ಶಂಕ್ರೆವ್ವಜ್ಜಿ ಹುಟ್ಟಿದ್ದೂ ಅದ ವರ್ಷ, ಜ್ವರದ ಬ್ಯಾನಿಗಿಂತ ಒಂದು ವರ್ಷಕ್ಕ ದೊಡ್ಡಾಕಿ ನಾ ಅಂತ ಹೇಳ್ತಿದ್ಲು. ಮಹಾಲಿಂಗಪುರದಾಗ ಬೆಲ್ಲದ ವ್ಯಾಪಾರದ ಒಂದು ಮನಿತನ, ಅವ್ರೂ ಅದ ಸುಗ್ಗಿ ಮುಗದ ದಿನದ ಮಾತು ಹೇಳಿದ್ರು. ಅರವತ್ತೇಳರ ಕೊಯ್ನಾ ಭೂಕಂಪದ ನೆನಪನ್ನ ಹಿಂದಕ ದೂಡಿರ್ತಾರ ಅಂತ ಸರ್ ಅಂದಿದ್ರು, ಕೊಯ್ನಾದ್ದು ಥಂಡಿ ದಿನದಾಗ, ಜ್ವಾಳ ಇನ್ನೂ ಹೊಲದಾಗ ನಿಂತಿರ್ತಾವ, ಅಷ್ಟೊತ್ತಿಗೆ ಅಜ್ಜಿ ಮಕ್ಕಳ ಲಗ್ನಾ ಮಾಡಿದ್ಲು. ಮತ್ತ ಇಲ್ಲೇ ಕಣ್ಣ ಮುಂದ ಐತಲ್ಲ ದೀಪಮಾಲಿ ಕಂಬ, ಮ್ಯಾಲಿನ ಎರಡು ಕಲ್ಲು ಕೆಳಗಿನ ಕಲ್ಲಿನ ಮ್ಯಾಲೆ ಒಂದು ಬೆರಳಷ್ಟು ಹೊರಳಿ ಕುಂತಾವ, ಬೀರಪ್ಪ ಸಿಟ್ಟಿಗೆದ್ದು ಮಾರಿ ತಿರುವಿದ್ದು ಅದು ಅಂತಾನ ಪೂಜಾರಿ ಜಕ್ಕಪ್ಪ, ಲಗಮವ್ವ ಹರಕಿ ಮುರದಿದ್ಲು ಅಂತಾನೂ ಅಂತಾನ, ಏನೂ ಮುರದಿರಲಿಲ್ಲೋ ಮಾರಾಯಾ, ನೆಲ ನಡಗಿದ್ದನ್ನ ದೇವರು ಕರದಾನ ಅಂತ ತಿಳಕೊಂಡ್ರು ಅಷ್ಟ, ಎಲ್ಲಾರೂ ಉಳದ್ರು, ದೇವರ ಹಂತೇಕ ಬರಬಾರದಾಕಿ ಒಬ್ಬಾಕಿ ಉಳೀಲಿಲ್ಲ, ಆ ತಪ್ಪು ತಿಳದ ಮ್ಯಾಲೆ ಊರವ್ರು ಬಾಯಿ ಬಿಟ್ಟು ಹೇಳಲಿಲ್ಲ, ಹೊಸ್ತಲಿಗೆ ಬಾಣಂತಿನ್ನ ತಂದು ಕೂಡಿಸಿದ್ರು. ಮುಧೋಳದ ಲಾಡ್ಜಿನ್ಯಾಗ ಕುಂತು ಮಾಲಾ ಹುನ್ನೂರ ಪೂರ್ತಿ ತಗದು, ಲಗಮವ್ವನ್ನ ತಗದು, ಬರೇ ಉಳದ ಊರಿನ ಮಾತಿನ ಮ್ಯಾಲೆ ಲೆಕ್ಕಾ ಹಾಕಿ ನೋಡಿದ್ಲು, ಅಂಕಿ ಒಂದಿಷ್ಟು ಇಳೀತು, ಹೋಗಲಿಲ್ಲ.

ನಿನ್ನೆಗೆ ಒಂದು ವರ್ಷ, ಆಫೀಸಿನ ಟಿವಿ ಮುಂದ ಎಲ್ಲಾರೂ ನಿಂತಿದ್ರು, ಜಪಾನದಾಗ ನೆಲ ನಡಗಿದ ಕೂಡಲೆ ಅಣುಭಟ್ಟಿ ತಾವಾಗೇ ಬಂದ್ ಆದ್ವು, ಗ್ವಾಡಿ ನಿಂತ್ವು, ಒಂದಿಬ್ರು ಭಲೆ ಅಂದ್ರು, ಕಟ್ಟಿದ್ರ ಹಿಂಗ ಕಟ್ಟಬೇಕು ನೋಡ್ರಿ ಅಂದ್ರು, ಆಮ್ಯಾಲೆ ಸಮುದ್ರ ಎದ್ದು ಬಂತು, ಜನರೇಟರ್ ಮುಳುಗಿದ್ವು, ನೀರು ಎತ್ತೂ ಪಂಪು ನಿಂತ್ವು, ಬಂದ್ ಆದ ಭಟ್ಟಿಯೊಳಗ ಇಂಧನ ಇನ್ನೂ ಕಾಯಾಕತ್ತಿತ್ತು, ಬಂದ್ ಆದದ್ದು ಬ್ಯಾರೆ, ಆರಿದ್ದು ಬ್ಯಾರೆ, ದಿನಗಟ್ಲೆ ತಿಂಗಳಗಟ್ಲೆ ನೀರು ಹಾಕಕೋತನ ಇರಬೇಕು, ಎಂಜಿನಿಯರ್ ಆದಾಕಿಗೆ ಇದೇನು ಹೊಸಾ ಮಾತಲ್ಲ, ಓದಿದ್ದ, ಪರೀಕ್ಷೆದಾಗ ಬರದಿದ್ದ, ಆದ್ರ ಆವತ್ತ ಟಿವಿಯಾಗ ಆ ಹೊಗಿ ಕಂಡ ಕೂಡಲೆ ಅಕಿ ಬಾಯಿಂದ ಅಜ್ಜೀ ಅಂತ ಬಂತು, ಮಗ್ಗಲಾಗ ನಿಂತಿದ್ದ ಶಶಿಕಾಂತ ಸರ್ ತಿರಿಗಿ ನೋಡಿ ಏನಾತು ಮಾಲಾ ಅಂದ್ರು, ಏನಿಲ್ರಿ ಅಂದಿದ್ಲು. ನಮ್ಮ ಜಾಗಾಕ್ಕ ಸಮುದ್ರ ಬರೂದಿಲ್ಲ ಅಂತಾರ, ಬ್ಯಾಡ, ಬರಬ್ಯಾಡ, ಪೈಪು ಹರ್ಯಾಕ ಸಮುದ್ರ ಬೇಕಾಗಿಲ್ಲ, ಟಾಕಿಯ ಬೋಲ್ಟು ಕಿತ್ತು ಹೋದ್ರ ಸಾಕು, ಜನರೇಟರ್ ಕುಂತ ಜಾಗಾದಾಗ ಒಂದು ಗೇಣು ಜರದ್ರ ಸಾಕು, ಮಂದಿ ಬಯಲಿಗೆ ಓಡಿ ಹೋದಾರು, ಭಟ್ಟಿ ಎದ್ದು ಓಡೂದಿಲ್ಲ, ಸಿಕ್ಕೊಂಡಾಕಿ ಎದ್ದು ಓಡಲಿಲ್ಲ. ದೀಡಪಟ್ಟು ಅಂದ್ರ ಗ್ವಾಡಿ ದಪ್ಪ ಮಾಡೂದಲ್ಲರಿ ಸರ್, ನೀರಿನ ಹಾದಿ ಗಟ್ಟಿ ಮಾಡೂದು, ಮುಂಜಾನೆ ಇದನ್ನ ಹೇಳಬೇಕಿತ್ತು, ನಾಲಿಗಿ ತಡವರಿಸಿತು, ಈಗ ತಡವರಿಸೂದಿಲ್ಲ, ಬಿಡಿಸಿದ್ರ ಬಿಡಿಸ್ಲಿ, ನೌಕರಿಯೊಳಗ ಇನ್ನೊಂದು ಕೆಲಸ ಸಿಕ್ಕೀತು, ಈ ಸಾಲು ಒಮ್ಮೆ ಹೋತಂದ್ರ ಯಾರೂ ತಿರಿಗಿ ಬರಿಯೂದಿಲ್ಲ, ಬೀಳಗಿ ಗ್ವಾಡಿಯಂಗ ಮುಳುಗಿತು ಅಂತನ ತಿಳಿ, ಅಂತ ಅಕಿ ಬಸಿ ಕೆಳಗಿಟ್ಲು.

ಉಣ್ಣಾಕ ಕುಂದರ್ರಿ, ಅಂತ ಜಕ್ಕಪ್ಪ ಒದರಿದ, ಪೂನಮ್ ಮುಂದ ಮೊದಲನೇ ತಾಟು ಬಂತು, ಹೋಳಿಗಿ, ಬಾನದ ಅನ್ನ, ತುಪ್ಪ, ತಂಗೆವ್ವತ್ತಿ ಸೊಸಿ ಹಣಿಗೆ ಭಂಡಾರ ಹಚ್ಚಿ ಉಣ್ಣವಾ, ನೀ ಉಂಡ್ರ ನಾವು ಅಂದ್ಲು, ಕೂಸು ಬಾಯಿ ಸೊಟ್ಟ ಮಾಡಿ ಆಕಳಿಸ್ತು, ಭೀಮಶಿ ನೀರಿನ ಕೊಡ ಹೊತಗೊಂಡು ಬಂದ, ಮಾಲಾ ಸುಮ್ಮನ ಕೇಳಿದ್ಲು, ಭೀಮಶಿ, ಪೂನಮ್ ಹೊರಸಿನ ಕೆಳಗಿನ ಅಗ್ಗಿಷ್ಟಿಗಿ ಆರಿಸೀಯಿಲ್ಲೋ, ಹೂಂ ಆರಿಸೇನಲ್ಲ ಅಕ್ಕಾ, ಒಂದು ತಂಬಿಗಿ ಹಾಕಿ ಬಂದೇನಿ ಅಂದ. ಒಂದು ತಂಬಿಗಿ — ಮಾಲಾ ಎದ್ದಬಿಟ್ಲು, ಏ, ಎಲ್ಲಿ ಹೊಂಟಿ, ತಾಟು ಬಂದೈತಿ ಅಂತ ಅತ್ತಿ, ಬಂದೆ ಅತ್ತಿ, ಒಂದ ನಿಮಿಷ, ಗುಡಿ ಹಿಂದಿನ ಓಣಿ, ಮೂರನೇ ಮನಿ, ಬಾಗಿಲಾ ತಗದ ಐತಿ, ಊರೆಲ್ಲ ಬಯಲಾಗ, ಒಂದು ನಾಯಿ ಸೈತ ಇಲ್ಲ ಓಣ್ಯಾಗ, ಒಳಗ ಕತ್ತಲಿ, ಬಜಿ ಬ್ಯಾರಿನ ಹೊಗಿ ನಾತ, ಎಣ್ಣಿ ನಾತ, ಬಾಣಂತಿ ಕ್ವಾಣಿ ನಾತ, ಕಣ್ಣು ಹೊಂದೂತನಕ ಗ್ವಾಡಿ ಹಿಡಕೊಂಡು ನಿಂತ್ಲು, ಹೊರಸು ಕಾಣಸ್ತು, ಮ್ಯಾಲೆ ಕೌದಿ, ಅಕಿ ಮೊಣಕಾಲೂರಿ ಬಗ್ಗಿ ಹೊರಸಿನ ಕೆಳಗ ಕೈ ಚಾಚಿದ್ಲು, ಅಗ್ಗಿಷ್ಟಿಗಿ ಮ್ಯಾಲೆ ಬೂದಿ ಹಸಿ ಹಸಿ, ತಣ್ಣಗ, ಅಂವ ಅಂದದ್ದು ಸುಳ್ಳಲ್ಲ, ಕಟಗಿ ತಗೊಂಡು ಬೂದಿ ಕೆದರಿದ್ಲು, ಫೋನು ಉಡ್ಯಾಗ ಗುರ್ ಅಂತು, ಒಂದ ಕೈಲೆ ಕಿವಿಗೆ ಹಚಗೊಂಡ್ಲು. ಮಾಲಾ, ಏನ್ ವಿಚಾರ ಮಾಡಿದಿ. ಸಾಲು ಇರ್ತೈತ್ರಿ ಸರ್. ಟಿಪ್ಪಣ್ಯಾಗ ಹೌದಲ್ಲ. ಇಲ್ರಿ, ಲೆಕ್ಕದಾಗ. ನಿನ್ನ ಬಿಡಸ್ತಾರ ತಂಗಿ, ತಿಳದ ಹೇಳಾಕತ್ತಿ ಏನು. ತಿಳದ ಹೇಳಾಕತ್ತೇನ್ರಿ, ಬಿಡಿಸ್ಲಿ, ಬಿಡಸಾಕ ಯಾಕ ಅಂತ ಕಾರಣ ಬರೀಬೇಕಲ್ರಿ, ಬರದ್ರ ಅದರಾಗೂ ಹುನ್ನೂರ ಹೆಸರು ಬರತೈತಿ, ನನ್ನ ಸಹಿ ಬೇಕಂದ್ರ ಆ ಸಾಲಿನ ಸಮೇತ ಬೇಕು. ಮಾಲಾ ಬೂದಿ ಕೆದರಕೋತ ಇದ್ಲು, ಹುನ್ನೂರ ತಗದು ಮಾಡಿ ನೋಡೀಯೇನು, ಅಂದ್ರು ಸರ್. ನೋಡೇನ್ರಿ. ಮತ್ತ. ಉಳೀತೈತ್ರಿ. ಎರಡೂ ಲೆಕ್ಕಾ ಕಳಸು ಹಂಗಾದ್ರ, ನಾಳೆ ವರದಿ ಸಭಾದಾಗ ನೀನ ನಿಂತು ಮಾತಾಡು, ನಾ ನಿನ್ನ ಪರವಾಗಿ ಮಾತಾಡೇನು ಅಂತ ಮಾತು ಕೊಡೂದಿಲ್ಲ ನೋಡು. ಬ್ಯಾಡ್ರಿ, ನಾ ಮಾತಾಡ್ತೇನಿ. ಫೋನು ನೆಲಕ್ಕಿಟ್ಲು, ಮೂಲ್ಯಾಗ ಹಂಡೆ ಇತ್ತು, ತಂಬಿಗಿ ತುಂಬಕೊಂಡು ಬಂದ್ಲು, ಬಯಲಾಗ ಡೊಳ್ಳು ಸುರು ಆದ್ವು, ಈಗ ಮಂದಿ ಬಾರಸಾಕತ್ತಾರ, ಕೈಲೆ, ಖುಷಿಲೆ, ನೆಲ ಅಷ್ಟಷ್ಟ ಅದರತೈತಿ, ಸುರದ್ಲು, ಚುಂಯ್ ಅಂತು, ಹೊಗಿ ಎದ್ದು ಕಣ್ಣಾಗ ಹೋತು, ಇನ್ನೊಂದು ತಂಬಿಗಿ, ಇನ್ನೊಂದು, ಹೊರಸಿನ ಹಗ್ಗದ ನಡುವ ಹಾಯ್ದು ಉಗಿ ಮ್ಯಾಲೆ ಏರಾಕತ್ತು, ಅಕಿ ಮತ್ತ ಬಗ್ಗಿ ಕಟಗೀಲೆ ಕೆದರಿ ನೋಡಿದ್ಲು, ಅಲ್ಲಿ ಬುಡಕ್ಕ, ಬೂದಿ ಕೆಳಗ, ಒಂದು ಹೆಬ್ಬೆಟ್ಟಿನಷ್ಟು, ಕೆಂಪಗ, ಇನ್ನೂ ಕೆಂಪಗ —